ಶುಕೂರಾಕರ ದೊಡ್ಡ ಬಾಲ್ಕನಿ

ಫರಂಗಿಪೇಟೆಯ ಹೆದ್ದಾರಿಯ ಬದಿಯಲ್ಲಿ ನಲ್ಲಿ, ಪೈಪು, ಕಮೋಡು, ಟೈಲ್ಸ್ ಮಾರುವ, ಊರವರೆಲ್ಲ ಶುಕೂರಾಕ ಎಂದು ಕರೆಯುವ ಅಬ್ದುಲ್ ಶುಕೂರ್ ಅವರಿಗೆ ದೇವರು ಬೇಕಾದ್ದನ್ನೆಲ್ಲ ಕೊಟ್ಟಿದ್ದ. ಒಳ್ಳೆಯ ವ್ಯಾಪಾರ, ಗಟ್ಟಿ ಸಂಸಾರ, ಮೂಡುಬಿದಿರೆಗೆ ಮದುವೆಯಾಗಿ ಹೋಗಿ ಸುಖವಾಗಿರುವ ಮಗಳು, ಈ ವಯಸ್ಸಿನಲ್ಲೂ ಚಹಾಕ್ಕೆ ಸಕ್ಕರೆ ಹಾಕಿ ಕುಡಿಯಬಹುದಾದ ಶರೀರ. ಕೊಡದೆ ಬಿಟ್ಟದ್ದು ಒಂದು ಬಾಲ್ಕನಿಯನ್ನು ಮಾತ್ರ. ಅದನ್ನು ಪಕ್ಕದ ಮನೆಯ ಇಬ್ರಾಹಿಮನಿಗೆ ಕೊಟ್ಟುಬಿಟ್ಟಿದ್ದ.

ಇಬ್ರಾಹಿಂ ದಮ್ಮಾಮಿನಲ್ಲಿ ಬಹಳ ವರ್ಷ ದುಡಿದು ಊರಿಗೆ ಬಂದವನು. ಬಂದವನೇ ತನ್ನ ಹಂಚಿನ ಮನೆ ಕೆಡವಿ, ತಾರಸಿಯ ಮನೆ ಎಬ್ಬಿಸಿ, ಮಹಡಿಗೆ ಒಂದು ಬಾಲ್ಕನಿ ಇಳಿಬಿಟ್ಟ. ಸಂಜೆ ಅಲ್ಲಿ ಕುರ್ಚಿ ಹಾಕಿ ಕೂತು ಚಹಾ ಕುಡಿಯುತ್ತಿದ್ದ. ಇಬ್ರಾಹಿಮನ ಬಾಲ್ಕನಿಯಿಂದ ನೇತ್ರಾವತಿ ಕಾಣುತ್ತಿತ್ತು. ಶುಕೂರಾಕರ ಮನೆಯಿಂದ ಇಬ್ರಾಹಿಮನ ಬಾಲ್ಕನಿ ಕಾಣುತ್ತಿತ್ತು. ಅಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಆದರೆ ಆ ಬಾಲ್ಕನಿ ಕಂಪೌಂಡು ಗೋಡೆ ದಾಟಿ ಒಂದು ಮೊಳದಷ್ಟು ಶುಕೂರಾಕರ ಅಂಗಳದ ಮೇಲಕ್ಕೆ ಬಂದು ನಿಂತಿತ್ತು. ಮಳೆ ಬಂದರೆ ಅದರ ನೀರು ನೇರವಾಗಿ ಶುಕೂರಾಕರ ಸ್ಕೂಟರಿನ ಸೀಟಿಗೆ ಬೀಳುತ್ತಿತ್ತು. ಸ್ಕೂಟರನ್ನು ಆಚೆ ನಿಲ್ಲಿಸಬಾರದೇ ಎಂದು ನೀವು ಕೇಳಬಹುದು. ಹೆಂಡತಿ ಮಾಜಿದಾಳೂ ಕೇಳಿದ್ದಳು. ಶುಕೂರಾಕರು ತತ್ವದ ಮನುಷ್ಯ. ತಮ್ಮ ಜಾಗದಲ್ಲಿ ತಮ್ಮ ಸ್ಕೂಟರನ್ನು ತಾವು ಒದ್ದೆ ಮಾಡಿಸಿಕೊಳ್ಳುವ ಹಕ್ಕನ್ನು ಅವರು ಬಿಟ್ಟುಕೊಡಲಿಲ್ಲ. ಎರಡು ಮನೆಗಳ ನಡುವೆ ಮಾತು ನಿಂತು ಎರಡು ಮಳೆಗಾಲ ಕಳೆದಿತ್ತು. ಮಸೀದಿಯಲ್ಲಿ ಎದುರಾದರೆ ಸಲಾಂ ಹೇಳುತ್ತಿದ್ದರು, ಅದನ್ನು ಬಿಡುವ ಹಾಗಿಲ್ಲವಲ್ಲ. ಆದರೆ ಒಬ್ಬರು ಗಡಿಯಾರ ನೋಡುತ್ತಾ ಹೇಳಿದರೆ ಇನ್ನೊಬ್ಬರು ಫ್ಯಾನು ನೋಡುತ್ತಾ ಉತ್ತರ ಕೊಡುತ್ತಿದ್ದರು.

ಹೀಗಿರುವಾಗ ಮಗಳು ಸಬೀಹಾ ಮೂಡುಬಿದಿರೆಯಿಂದ ಫೋನು ಮಾಡಿದಳು.

"ಉಪ್ಪ, ನಿಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ನಾನೂ ನಿಮ್ಮ ಅಳಿಯನೂ ಸೇರಿ ಹಡಗಿನ ಟಿಕೆಟ್ ಮಾಡಿದ್ದೇವೆ. ಮುಂಬೈಯಿಂದ ಹೊರಟು ಗೋವಾ, ಲಕ್ಷದ್ವೀಪ ನೋಡಿ ಪುನಃ ಮುಂಬೈಗೆ ಬಿಡ್ತಾರೆ. ನೀವು, ಉಮ್ಮ ಇಬ್ಬರೇ. ಬಾಲ್ಕನಿ ರೂಮು."

"ಬಾಲ್ಕನಿ ಎಂತಕ್ಕೆ? ಹಡಗಿನಲ್ಲಿ ಸಿನೆಮಾ ಉಂಟಾ?"

"ಸಿನೆಮಾದ ಬಾಲ್ಕನಿ ಅಲ್ಲ ಉಪ್ಪ. ರೂಮಿನ ಹೊರಗೆ ಕೂತುಕೊಳ್ಳಲಿಕ್ಕೆ ಜಾಗ. ಎದುರಿಗೆ ಬರೀ ಸಮುದ್ರ."

ಶುಕೂರಾಕರಿಗೆ ಆ ದಿನ ಊಟ ಸೇರಲಿಲ್ಲ, ಸಂತೋಷಕ್ಕೆ. ಇಬ್ರಾಹಿಮನದ್ದು ಹೆಚ್ಚೆಂದರೆ ನದಿಯ ಬಾಲ್ಕನಿ. ತಮ್ಮದು ಸಮುದ್ರದ್ದು. ನದಿ ಹೋಗಿ ಸೇರುವುದಾದರೂ ಎಲ್ಲಿಗೆ?

ಆ ನೆಮ್ಮದಿ ಒಂದು ವಾರವೂ ಬಾಳಲಿಲ್ಲ. ಹಡಗಿನ ಕಂಪೆನಿಯಿಂದ ಹರ್ಷಿತಾ ಎಂಬ ಹುಡುಗಿ ಬೆಂಗಳೂರಿನಿಂದ ಫೋನು ಮಾಡಿ ಅದನ್ನು ಕೆಡಿಸಿದಳು.

"ಸರ್, ನೀವೀಗ ತಗೊಂಡಿರೋದು ಸಾದಾ ಬಾಲ್ಕನಿ. ಎರಡು ಕುರ್ಚಿ ಹಿಡಿಯುತ್ತೆ ಅಷ್ಟೆ. ದೊಡ್ಡ ಬಾಲ್ಕನಿ ಇರೋ ರೂಮು ಒಂದು ಖಾಲಿ ಇದೆ. ಸ್ವಲ್ಪ ಜಾಸ್ತಿ ಕೊಟ್ರೆ ಚೇಂಜ್ ಮಾಡಿಕೊಡ್ತೀನಿ. ಶನಿವಾರದ ಒಳಗೆ ಹೇಳಿ ಸರ್."

ಸಾದಾ ಎಂಬ ಮಾತು ಶುಕೂರಾಕರಿಗೆ ಮುಳ್ಳಿನಂತೆ ಚುಚ್ಚಿತು. ಸಾದಾ ಟೈಲ್ಸ್ ಕೇಳಿಕೊಂಡು ಬರುವ ಗಿರಾಕಿಗಳನ್ನು ಅವರು ಜೀವಮಾನವಿಡೀ ಯಾವ ಕಣ್ಣಿನಿಂದ ನೋಡುತ್ತಾ ಬಂದಿದ್ದರೋ ಆ ಕಣ್ಣು ಈಗ ತಮ್ಮ ಕಡೆಗೇ ತಿರುಗಿದಂತಾಯಿತು. ಮನೆಯಲ್ಲಿ ಕೇಳಿದರೆ ಮಾಜಿದಾ, "ನನಗೆ ಸಮುದ್ರ ಕಂಡರೆ ಸಾಕು. ಅಷ್ಟಗಲ ಜಾಗದಲ್ಲಿ ನಾವೆಂತ ಅಡಿಕೆ ಒಣಗಿಸುವುದಾ?" ಎಂದಳು. ಅವಳಿಗೆ ವ್ಯವಹಾರ ಗೊತ್ತಿಲ್ಲ ಎಂದು ಶುಕೂರಾಕರು ತೀರ್ಮಾನಿಸಿದರು.

ಮರುದಿನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಅವರು ನೆಲದ ಮೇಲೆ ಟೈಲ್ಸ್ ಜೋಡಿಸಿದರು. ಒಂದು ಕಡೆ ಸಾದಾ ಬಾಲ್ಕನಿಯ ಅಳತೆ, ಇನ್ನೊಂದು ಕಡೆ ದೊಡ್ಡದರದ್ದು. ಎರಡರಲ್ಲೂ ಪ್ಲಾಸ್ಟಿಕ್ ಕುರ್ಚಿ ಇಟ್ಟು, ಮೊದಲು ಚಿಕ್ಕದರಲ್ಲಿ ಕೂತು ಕಮೋಡುಗಳ ಸಾಲನ್ನು ಸಮುದ್ರವೆಂದು ಭಾವಿಸಿ ನೋಡಿದರು. ಆಮೇಲೆ ದೊಡ್ಡದಕ್ಕೆ ಹೋಗಿ ಕಾಲು ಚಾಚಿ ನೋಡಿದರು. ಸಮುದ್ರ ಅದೇ. ಆದರೆ ಕಾಲಿಗೆ ಬಂದ ಗೌರವವೇ ಬೇರೆ.

ಆ ಭಂಗಿಯಲ್ಲಿರುವಾಗ ಆಸ್ಯಮ್ಮ ಒಳಗೆ ಬಂದರು.

ಆಸ್ಯಮ್ಮ ಆ ಓಣಿಯ ಹಿರಿಯ ಜೀವ. ಶುಕೂರಾಕರಿಗೂ ಇಬ್ರಾಹಿಮನಿಗೂ ಚಿಕ್ಕಂದಿನಲ್ಲಿ ಓದು ಕಲಿಸಿ, ಕಿವಿ ಹಿಂಡಿ, ಬೆಲ್ಲ ಕೊಟ್ಟವರು, ಈಗಲೂ ಮೋನೇ, ಮಗನೇ ಎಂದೇ ಕರೆಯುವವರು. ದುಂದುಗಾರಿಕೆ ಅಂದರೆ ಅವರಿಗೆ ಆಗುತ್ತಿರಲಿಲ್ಲ. ತಿರುಗಿಸಿ ಬಿಟ್ಟ ನಲ್ಲಿ ಕಂಡರೆ ಮನೆಯವರ ಹೆಸರು ಹಿಡಿದು ಬೈಯುತ್ತಿದ್ದರು. ಅವತ್ತು ಬಂದದ್ದೂ ನಲ್ಲಿಯ ವಾಶರಿಗೆ.

"ಇದೆಂತ ಮೋನೇ ಅಂಗಡಿಯ ಮಧ್ಯದಲ್ಲಿ ಕಾಲು ನೀಡಿಕೊಂಡು?"

ಹಡಗಿನಲ್ಲಿ ಮೋಜು ಮಾಡಲು ದೊಡ್ಡ ಬಾಲ್ಕನಿ ಬೇಕೋ ಚಿಕ್ಕದು ಸಾಕೋ ಎಂದು ಪರೀಕ್ಷೆ ಮಾಡುತ್ತಿದ್ದೇನೆ ಎಂದು ಆ ಮುಖದ ಎದುರು ಹೇಳುವ ಧೈರ್ಯ ಯಾವ ಗಂಡಸಿಗೂ ಇರಲಿಕ್ಕಿಲ್ಲ. ಶುಕೂರಾಕರು ಎದ್ದು ನಿಂತರು. ಸುಳ್ಳು ಹೇಳಬಾರದು, ಬೈಸಿಕೊಳ್ಳಲೂಬಾರದು.

"ನಾನೂ ಮಾಜಿದಾನೂ ಹಡಗಿನಲ್ಲಿ ಹೋಗ್ತಾ ಇದ್ದೇವೆ ಆಸ್ಯಮ್ಮ. ಮುಂಬೈಯಿಂದ. ಎರಡು ಮುಸಲ್ಲಾ ಹಾಸಿ ನಮಾಝ್ ಮಾಡಲಿಕ್ಕೆ ಜಾಗ ಸಾಕಾಗ್ತದಾ ಅಂತ ನೋಡ್ತಾ ಇದ್ದೆ."

ಇದರಲ್ಲಿ ಒಂದು ಮಾತೂ ಪೂರ್ತಿ ಸುಳ್ಳಲ್ಲ. ಆದರೆ ಹಡಗು, ಮುಂಬೈ, ಮುಸಲ್ಲಾ ಈ ಮೂರೂ ಒಟ್ಟಿಗೆ ಕಿವಿಗೆ ಬಿದ್ದಾಗ ಆಸ್ಯಮ್ಮನಿಗೆ ನೆನಪಾದದ್ದು ಒಂದೇ. ಅವರ ತಂದೆ ಮುಂಬೈಯಿಂದ ಹಡಗು ಹತ್ತಿ ಮಕ್ಕಾಕ್ಕೆ ಹೋಗಿದ್ದರು. ಊರಿಗೆ ಊರೇ ಬೀಳ್ಕೊಟ್ಟಿತ್ತು. ಆಗ ಆಸ್ಯಮ್ಮ ಲಂಗ ತೊಡುವ ಹುಡುಗಿ. ಅವರ ಕಣ್ಣಲ್ಲಿ ನೀರು ತುಂಬಿತು.

"ಮಾಶಾ ಅಲ್ಲಾಹ್! ಉಮ್ರಾಕ್ಕೆ! ಮಕ್ಕಾಕ್ಕೆ! ಹಡಗು ಪುನಃ ಶುರು ಆಯ್ತಾ ಮೋನೇ?"

ಅಷ್ಟರಲ್ಲಿ ಹೊರಗೆ ಪಿಕಪ್ ನಿಂತಿತು. ಕಲ್ಲಡ್ಕದ ಗಿರಾಕಿಯೊಬ್ಬರು ಇಳಿದರು. ಶುಕೂರಾಕರು ವಾಶರನ್ನು ಆಸ್ಯಮ್ಮನ ಕೈಗಿಟ್ಟು, "ಹೂಂ" ಎಂದರು.

ಹೂಂ ಎಂಬುದಕ್ಕೆ ನಮ್ಮ ಕಡೆ ಹೌದು ಎಂದೂ ಅರ್ಥ, ಕೇಳಿಸಿತು ಎಂದೂ ಅರ್ಥ, ಇನ್ನು ಹೊರಡಿ ಎಂದೂ ಅರ್ಥ. ಶುಕೂರಾಕರು ಹೇಳಿದ್ದು ಕೊನೆಯ ಅರ್ಥದಲ್ಲಿ. ಆಸ್ಯಮ್ಮ ಮನೆಗೆ ಒಯ್ದದ್ದು ಮೊದಲನೆಯದನ್ನು. ವಾಶರಿಗೆ ಹಣ ಕೊಡುವುದನ್ನೂ ಮರೆತು ಅವರು ಓಣಿಯ ಮೊದಲ ಮನೆಯಿಂದ ಸುದ್ದಿ ಹೇಳಲು ಶುರು ಮಾಡಿದರು.

ಸಂಜೆ ಶುಕೂರಾಕರು ಮನೆಗೆ ಬರುವಾಗ ಅಂಗಳದ ತುಂಬ ಚಪ್ಪಲಿ. ಮಾಜಿದಾಳ ತಮ್ಮ ರಿಝ್ವಾನ್ ಹೆಂಡತಿಯನ್ನು ಕರೆದುಕೊಂಡು ಬೆಳ್ತಂಗಡಿಯ ಆಚೆ ಲಾಯಿಲದಿಂದ ಬಂದುಬಿಟ್ಟಿದ್ದ. ವಾರ್ಷಿಕೋತ್ಸವಕ್ಕೆ ಶುಭ ಹೇಳಲು ಇಷ್ಟು ಜನ ಬಂದಿದ್ದಾರಲ್ಲ ಎಂದು ಮಾಜಿದಾ ಸಂಭ್ರಮದಿಂದ ಚಹಾ ಹಂಚುತ್ತಿದ್ದಳು.

"ಎಷ್ಟು ದಿನದ್ದು?" ರಿಝ್ವಾನನ ಹೆಂಡತಿ ಕೇಳಿದಳು.

"ಹೋಗಿ ಬರುವುದು ಎಲ್ಲ ಸೇರಿ ಒಂದು ವಾರ."

"ಅಷ್ಟೇಯಾ! ಈಗ ಹಡಗೂ ಫಾಸ್ಟ್ ಆಗಿದೆ. ಭಾವನ ಬಟ್ಟೆ ಎಲ್ಲ ಆಯ್ತಾ? ಅಲ್ಲಿ ಉಡಲಿಕ್ಕೆ ಬಿಳಿಯದ್ದು?"

"ಬಿಳಿ ಎಂತಕ್ಕೆ? ಮಂಗಳೂರಿನಿಂದ ಹೂವಿನ ಅಂಗಿ ತಂದಿದ್ದಾರೆ. ಚಡ್ಡಿಯೂ ಉಂಟು ಅದಕ್ಕೆ ಸರಿಯಾದ್ದು."

ಒಂದು ಕ್ಷಣ ಎಲ್ಲರೂ ಮಾಜಿದಾಳನ್ನು ನೋಡಿದರು. ಆಮೇಲೆ, ಇಂಥ ಸಂತೋಷದಲ್ಲಿ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ನಕ್ಕರು. ಮಾಜಿದಾಳಿಗೆ ನಗು ಅರ್ಥವಾಗಲಿಲ್ಲ. ಅಷ್ಟರಲ್ಲಿ ಆಸ್ಯಮ್ಮ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದು ಒಂದು ಪೊಟ್ಟಣ ಬಿಚ್ಚಿದರು. ಒಳಗೆ ಮಡಚಿದ ಬಿಳಿ ಬಟ್ಟೆ.

"ಇದು ನನ್ನದು ಮಾಜಿದಾ. ಕೊನೆಯ ದಿನ ನನಗೆ ಹೊದಿಸಲಿಕ್ಕೆ ಅಂತ ತೆಗೆದಿಟ್ಟದ್ದು. ಮಕ್ಕಾದ ಝಂಝಂ ನೀರಿನಲ್ಲಿ ಅದ್ದಿ ತಾ. ನನಗೆ ಇನ್ನು ಹೋಗಲಿಕ್ಕೆ ಆಗುವುದಿಲ್ಲ, ನನ್ನ ಬಟ್ಟೆಯಾದರೂ ಹೋಗಿ ಬರಲಿ."

ಮಾಜಿದಾ ಚಹಾದ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಅವಳು ಬಾಗಿಲಲ್ಲಿ ನಿಂತ ಗಂಡನ ಕಡೆ ನೋಡಿದಳು. ಶುಕೂರಾಕರು ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದರು.

ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ವಿಚಾರಣೆ ನಡೆಯಿತು.

"ನೀವು ಎಂತ ಹೇಳಿದ್ದು ಅವರಿಗೆ?"

"ನಾನು ಎಂತದೂ ಹೇಳಲಿಲ್ಲ ಮಾರಾಯ್ತಿ. ಹೂಂ ಅಂದೆ ಅಷ್ಟೆ."

"ಹೂಂ ಅಂತೆ! ಆ ಬಟ್ಟೆಯನ್ನು ಗೋವಾದಲ್ಲಿ ಅದ್ದಿ ತರುವುದಾ? ನಾಳೆ ಶುಕ್ರವಾರ, ಜುಮಾ ನಮಾಝ್ ಆದ ಕೂಡಲೇ ಎಲ್ಲರ ಎದುರು ಹೇಳಿ ಬನ್ನಿ. ಇಲ್ಲದಿದ್ದರೆ ನಾನೇ ಮನೆ ಮನೆಗೆ ಹೋಗ್ತೇನೆ."

ಶುಕೂರಾಕರಿಗೆ ನಾಚಿಕೆಯಾಗಿತ್ತು. ಬಟ್ಟೆಯನ್ನು ಮಾಜಿದಾ ಕಪಾಟಿನ ಮೇಲಿನ ಖಾನೆಯಲ್ಲಿ ಇಟ್ಟಿದ್ದಳು. ಅದರ ಕೆಳಗಿನ ಖಾನೆಯಲ್ಲೇ ಹೂವಿನ ಚಡ್ಡಿಯಿತ್ತು. ಕಪಾಟಿನ ಬಾಗಿಲು ತೆರೆಯಲು ಅವರಿಗೆ ಮನಸ್ಸಾಗದೆ ಮರುದಿನ ಹಳೆಯ ಅಂಗಿಯಲ್ಲೇ ಮಸೀದಿಗೆ ಹೋದರು.

ಹೇಳಿಯೇಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡೇ ಹೋಗಿದ್ದರು. ಆದರೆ ನಮಾಝ್ ಮುಗಿದದ್ದೇ ಖತೀಬರು, "ನಮ್ಮ ಊರಿನಿಂದ ಹಿಂದಿನವರ ಹಾಗೆ ಹಡಗಿನಲ್ಲಿ ಹೊರಟಿರುವ ದಂಪತಿಯ ಯಾತ್ರೆ ಸುಗಮವಾಗಲಿ" ಎಂದು ಪ್ರಾರ್ಥಿಸಿದರು. ಮಸೀದಿಗೆ ಮಸೀದಿಯೇ ಆಮೀನ್ ಎಂದಿತು. ಹೇಳದಿದ್ದರೆ ಚೆನ್ನಾಗಿರುವುದಿಲ್ಲವೆಂದು ಶುಕೂರಾಕರೂ ಆಮೀನ್ ಎಂದರು. ಹಿಂದಿನ ಸಾಲಿನಿಂದ ಎಲ್ಲರಿಗಿಂತ ಗಟ್ಟಿಯಾಗಿ ಒಂದು ಆಮೀನ್ ಕೇಳಿಸಿತು. ತಿರುಗಿ ನೋಡಿದರೆ ಇಬ್ರಾಹಿಂ. ಈ ಸಲ ಅವನು ಫ್ಯಾನು ನೋಡುತ್ತಿರಲಿಲ್ಲ.

ಸಂಜೆ ಇಬ್ರಾಹಿಂ ಮನೆಗೇ ಬಂದ. ಎರಡು ವರ್ಷದಿಂದ ತುಳಿಯದ ಹೊಸ್ತಿಲ ಹೊರಗೆ ಟೊಪ್ಪಿ ಸರಿಮಾಡಿಕೊಳ್ಳುತ್ತಾ ನಿಂತ. ಯಾತ್ರೆಗೆ ಹೋಗುವವರ ಮತ್ತು ಊರಲ್ಲಿ ಉಳಿಯುವವರ ನಡುವೆ ಮನಸ್ತಾಪ ಉಳಿಯಬಾರದು, ಪರಸ್ಪರ ಕ್ಷಮೆ ಕೇಳಿ ಬೀಳ್ಕೊಡಬೇಕು ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದ ಕ್ರಮ. ಕೇಳಬೇಕಾದವರು ಹೊರಡುವವರು. ಹೊರಡುವವರು ಬಾರದ್ದು ನೋಡಿ ಇವನೇ ಬಂದಿದ್ದ.

"ಶುಕೂರಾಕ, ನಾನು ನಿಮಗೆ ಬೇಸರ ಮಾಡಿದ್ದೇನೆ. ಅಂಥ ಜಾಗಕ್ಕೆ ಹೋಗ್ತಾ ಇದ್ದೀರಿ. ಮನಸ್ಸಲ್ಲಿ ನನ್ನ ಮೇಲೆ ಏನಾದರೂ ಇದ್ದರೆ ಬಿಟ್ಟು ಹೋಗಿ. ಮಾಫ್ ಮಾಡಿ."

ಮಾಜಿದಾ ಒಳಬಾಗಿಲಿನಿಂದ ಕೈಸನ್ನೆ ಮಾಡಿದಳು, ಹೇಳಿ, ಈಗಲೇ ಹೇಳಿ ಎಂದು. ಶುಕೂರಾಕರು ಹೇಳಲೆಂದೇ ಬಾಯಿ ತೆರೆದರು. ಆದರೆ ದಮ್ಮಾಮಿನ ಇಬ್ರಾಹಿಂ, ಬಾಲ್ಕನಿಯ ಇಬ್ರಾಹಿಂ, ಅವರ ಎದುರು ತಲೆ ತಗ್ಗಿಸಿ ನಿಂತಿದ್ದ. ಇಂಥ ನೋಟ ಮತ್ತೆ ಸಿಗಲಿಕ್ಕಿಲ್ಲ. ಒಂದೇ ಗಳಿಗೆಯ ಮಟ್ಟಿಗೆ ಅವರಿಗೆ ತಾವು ನಿಜವಾಗಿಯೂ ಯಾತ್ರೆಗೆ ಹೊರಟವರೇ ಎನಿಸಿತು. ಸ್ವರವನ್ನು ತೆಳ್ಳಗೆ ಮಾಡಿ, ಕಣ್ಣು ಅರ್ಧ ಮುಚ್ಚಿ ಹೇಳಿದರು:

"ನನ್ನ ಮನಸ್ಸಲ್ಲಿ ಎಂತದೂ ಇಲ್ಲ ಇಬ್ರಾಹಿಂ. ಆ ಬಾಲ್ಕನಿ ಒಂದು ಉಂಟು, ಅಷ್ಟೆ."

ಇಬ್ರಾಹಿಂ ಎರಡೂ ಕೈಯಲ್ಲಿ ಅವರ ಕೈ ಹಿಡಿದು ಒತ್ತಿ ಹೊರಟುಹೋದ. ಮಾಜಿದಾ ಹಣೆಗೆ ಕೈ ಹಚ್ಚಿ ಅಲ್ಲೇ ಕೂತಳು.

ಶನಿವಾರ ಬೆಳಿಗ್ಗೆ ಶುಕೂರಾಕರನ್ನು ಎಬ್ಬಿಸಿದ್ದು ಕಾಂಕ್ರೀಟ್ ಕೊರೆಯುವ ಯಂತ್ರದ ಸದ್ದು. ಯಾರದೋ ಮನೆ ಕೆಲಸ, ತಮ್ಮ ಅಂಗಡಿಗೆ ವ್ಯಾಪಾರ ಬಂತು ಎಂದುಕೊಂಡು ಲುಂಗಿ ಬಿಗಿದು ಅಂಗಳಕ್ಕೆ ಬಂದರು. ಮೇಲೆ ನೋಡಿದರೆ ಮಾಯಿಲಪ್ಪ ಮೇಸ್ತ್ರಿ ಇಬ್ರಾಹಿಮನ ಬಾಲ್ಕನಿಯನ್ನು ಕತ್ತರಿಸುತ್ತಿದ್ದ. ಸ್ಟೀಲಿನ ಕಂಬಿ ಆಗಲೇ ಹೋಗಿತ್ತು. ಮುಂದಿನ ಅಂಚು ತುಂಡು ತುಂಡಾಗಿ ಕೆಳಗೆ ಬಿದ್ದಿತ್ತು. ಸ್ಕೂಟರಿನ ಮೇಲೆ ಧೂಳು ಬೀಳದ ಹಾಗೆ ಇಬ್ರಾಹಿಂ ತನ್ನ ಮನೆಯ ಹಾಸಿಗೆಯ ಬಟ್ಟೆ ತಂದು ಅದಕ್ಕೆ ಹೊದಿಸಿದ್ದ.

ಶುಕೂರಾಕರು ಎರಡೂ ಕೈ ಎತ್ತಿ ಕೂಗಿದರು: "ನಿಲ್ಲಿಸು! ಮಾಯಿಲಪ್ಪ, ನಿಲ್ಲಿಸು ಮಾರಾಯ!"

ಯಂತ್ರ ನಿಂತಿತು. ಓಣಿಯವರೆಲ್ಲ ಬಂದು ಸೇರಿದ್ದರು. ಇಬ್ರಾಹಿಂ ಮಹಡಿಯ ಬಾಗಿಲಲ್ಲಿ, ಉಳಿದ ಅರ್ಧ ಬಾಲ್ಕನಿಯ ಮೇಲೆ ಜಾಗ್ರತೆಯಾಗಿ ನಿಂತಿದ್ದ. "ಇರಲಿ ಶುಕೂರಾಕ. ಕಲ್ಲು ಸಿಮೆಂಟು ಅಷ್ಟೇ ಅಲ್ವಾ? ನೀವು ಸಮಾಧಾನದಲ್ಲಿ ಹೋಗಿ ಬನ್ನಿ" ಎಂದ. ಕೆಳಗೆ ಯಾರೋ ಮೂಗು ಒರೆಸಿಕೊಂಡರು. ಇಂಥ ದೊಡ್ಡ ಮನಸ್ಸು ನೋಡಿ ಆಸ್ಯಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು.

ಸರಿಯಾಗಿ ಆಗ ಶುಕೂರಾಕರ ಫೋನು ಹೊಡೆದುಕೊಂಡಿತು. ಮಾಜಿದಾ ಒಳಗಿನಿಂದ ತಂದು ಅವರ ಕೈಗೆ ಕೊಟ್ಟಳು. ಕೊಡುವಾಗ ಅವಳ ಹೆಬ್ಬೆರಳು ಎಲ್ಲಿಗೆ ತಗಲಿತೋ, ಬೇಕೆಂದೇ ತಗಲಿಸಿದಳೋ, ಸ್ವರ ಓಣಿಯಿಡೀ ಕೇಳಿಸಿತು.

"ಗುಡ್ ಮಾರ್ನಿಂಗ್ ಸರ್, ಹರ್ಷಿತಾ ಮಾತಾಡ್ತಿರೋದು. ಇವತ್ತು ಲಾಸ್ಟ್ ಡೇ. ದೊಡ್ಡ ಬಾಲ್ಕನಿಗೆ ಚೇಂಜ್ ಮಾಡ್ಲಾ?"

"ಯಾರು ಮೋನೇ, ಉಮ್ರಾದವರಾ?" ಆಸ್ಯಮ್ಮ ಫೋನಿನ ಹತ್ತಿರ ಬಂದು, "ಹಡಗು ಜಿದ್ದಾಕ್ಕೆ ಯಾವಾಗ ಮುಟ್ಟುವುದು ಮಗಳೇ?" ಎಂದು ಕೇಳಿದರು.

"ಜಿದ್ದಾ ಅಲ್ಲ ಅಜ್ಜಿ, ಗೋವಾ! ಮೊದಲನೇ ರಾತ್ರಿನೇ ಸ್ವಿಮ್ಮಿಂಗ್ ಪೂಲ್ ಹತ್ರ ಡ್ಯಾನ್ಸ್ ಇದೆ. ನೀವೂ ಬರ್ತೀರಾ?"

ಶುಕೂರಾಕರು ಫೋನು ಆರಿಸಿದರು. ಇಡೀ ಓಣಿ ತಮ್ಮನ್ನು ನೋಡುತ್ತಿದೆ ಎಂದು ತಲೆ ಎತ್ತದೆಯೇ ಅವರಿಗೆ ಗೊತ್ತಾಗುತ್ತಿತ್ತು. ನೆಲದಲ್ಲಿ ಬಿದ್ದ ಸಿಮೆಂಟಿನ ತುಂಡುಗಳಲ್ಲಿ ಒಂದಾಗಿ ಬಿದ್ದಿದ್ದರೆ ಚೆನ್ನಾಗಿತ್ತು ಎನಿಸಿತು.

ಮೊದಲು ಮಾತಾಡಿದ್ದು ಮಾಯಿಲಪ್ಪ. "ಈಗ ನಾನು ಎಂತ ಮಾಡುವುದು? ಕೊರೆಯುವುದಾ, ಬಿಡುವುದಾ? ಅರ್ಧದಲ್ಲಿ ಹಾಗೇ ಬಿಟ್ಟರೆ ಯಾರ ತಲೆಗಾದರೂ ಬೀಳ್ತದೆ."

ಎಲ್ಲರೂ ಇಬ್ರಾಹಿಮನನ್ನು ನೋಡಿದರು. ಅವನು ಬೈಯುತ್ತಾನೆ, ಕೆಳಗಿಳಿದು ಬಂದು ಕತ್ತಿನ ಪಟ್ಟಿ ಹಿಡಿಯುತ್ತಾನೆ ಎಂದು ಶುಕೂರಾಕರು ಕಾದರು. ಹಿಡಿದಿದ್ದರೆ ಅವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಇಬ್ರಾಹಿಂ ಕಂಬಿಯಿಲ್ಲದ ಅಂಚನ್ನೊಮ್ಮೆ, ಆಚೆಗಿನ ನದಿಯನ್ನೊಮ್ಮೆ ನೋಡಿದ.

"ದೊಡ್ಡದೇ ತಗೊಳ್ಳಿ ಶುಕೂರಾಕ" ಎಂದ ಮೆಲ್ಲಗೆ. "ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಇರಲಿ ಒಂದು ಬಾಲ್ಕನಿ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಜನ ಒಬ್ಬೊಬ್ಬರಾಗಿ ಕರಗಿದರು. ಆಸ್ಯಮ್ಮ ಮಾತ್ರ ಮನೆಯೊಳಗೆ ಬಂದು ಕೈಚಾಚಿ ನಿಂತರು. ಮಾಜಿದಾ ಕಪಾಟು ತೆರೆದು ಬಿಳಿ ಬಟ್ಟೆಯನ್ನು ಕೊಟ್ಟಳು. ಅವರು ಅದರ ಮಡಿಕೆಯನ್ನು ಸರಿಮಾಡಿ ಕಂಕುಳಲ್ಲಿಟ್ಟುಕೊಂಡರು.

"ಅವತ್ತು ನಾನು ಕೇಳಿದಾಗ ಇಲ್ಲ ಅನ್ನಬಹುದಿತ್ತಲ್ಲ ಮೋನೇ. ಹೂಂ ಅನ್ನುವುದಕ್ಕಿಂತ ಒಂದು ಅಕ್ಷರ ಹೆಚ್ಚು, ಅಷ್ಟೆ. ಅಷ್ಟಕ್ಕೂ ಉದಾಸೀನ ಮಾಡಿದೆಯಲ್ಲ."

ಬೈದಿದ್ದರೆ ಶುಕೂರಾಕರು ತಡೆದುಕೊಳ್ಳುತ್ತಿದ್ದರು. ಆ ದಿನ ಅಂಗಡಿ ತೆರೆಯಲಿಲ್ಲ. ಕಿಟಕಿಯಿಂದ ನೋಡಿದರೆ ಅರ್ಧ ಕತ್ತರಿಸಿದ ಬಾಲ್ಕನಿ, ಅದರಿಂದ ಹೊರಗೆ ಚಾಚಿದ ಕಬ್ಬಿಣದ ಸರಳುಗಳು. ಇಷ್ಟು ದಿನ ಕಣ್ಣಿಗೆ ಚುಚ್ಚುತ್ತಿದ್ದ ಬಾಲ್ಕನಿ ಅರ್ಧವಾದ ಮೇಲೆ ಇನ್ನೂ ಹೆಚ್ಚು ಚುಚ್ಚುತ್ತಿತ್ತು.

ಸಂಜೆಯ ಅಸರ್ ನಮಾಝ್ ಆದ ಮೇಲೆ ಅವರು ಎದ್ದರು. ಯಾತ್ರೆಗೆ ಹೊರಡುವವರು ಮಾಡುವ ಕ್ರಮವನ್ನು ಯಾತ್ರೆ ಇಲ್ಲದೆಯೇ ಮಾಡಲು ಹೊರಟರು. ಮನೆ ಮನೆಯ ಮೆಟ್ಟಿಲು ಹತ್ತಿ, "ನನ್ನಿಂದ ತಪ್ಪಾಯ್ತು" ಎಂದರು. ಕೆಲವರು ನಕ್ಕರು. ಕೆಲವರು ಚಹಾ ಕೊಟ್ಟರು. ಒಬ್ಬರು ಹೂವಿನ ಚಡ್ಡಿ ತೋರಿಸಲು ಕೇಳಿದರು. ಖತೀಬರು, "ಆಮೀನ್ ಹೇಳಿಯಾಗಿದೆ, ಇನ್ನು ನಿಜವಾಗಿಯೂ ಒಮ್ಮೆ ಹೋಗಿ ಬನ್ನಿ" ಎಂದು ಬೆನ್ನು ತಟ್ಟಿದರು. ಆಸ್ಯಮ್ಮ ಬಾಗಿಲು ತೆರೆದು ಬಾಯಿಗೊಂದು ಬೆಲ್ಲದ ತುಂಡು ಹಾಕಿದರು. ಕಿವಿಯನ್ನೂ ಹಿಂಡಿದರು. ಕೊನೆಗೆ ಉಳಿದದ್ದು ಇಬ್ರಾಹಿಮನ ಮನೆ.

ಇಬ್ರಾಹಿಂ ಬಾಗಿಲು ತೆರೆದ, ಪಕ್ಕಕ್ಕೆ ಸರಿದ, ಮಹಡಿಯ ಮೆಟ್ಟಿಲು ತೋರಿಸಿದ. ತೆರೆದ ಬಾಗಿಲಿನ ಆಚೆ ಕಂಬಿಯಿಲ್ಲದ ಅರ್ಧ ಬಾಲ್ಕನಿ ಮಾತ್ರ ಇತ್ತು. ಇಬ್ಬರೂ ಹೊಸ್ತಿಲಿನ ಒಳಗೆ ಕುರ್ಚಿ ಹಾಕಿ ಕೂತರು. ಶುಕೂರಾಕರು ಆ ಎತ್ತರದಿಂದ ನೇತ್ರಾವತಿಯನ್ನು ನೋಡಿದ್ದು ಅದೇ ಮೊದಲು. ಸಂಜೆಯ ಬಿಸಿಲಿನಲ್ಲಿ ನದಿ ಅಗಲವಾಗಿ ಹರಿಯುತ್ತಿತ್ತು. ಇಷ್ಟು ಚೆಂದದ್ದನ್ನು ಎರಡು ವರ್ಷ ಪಕ್ಕದಲ್ಲಿಟ್ಟುಕೊಂಡು ತಾವು ಸ್ಕೂಟರಿನ ಸೀಟು ನೋಡುತ್ತಿದ್ದರು. ಕಣ್ಣು ಒದ್ದೆಯಾಯಿತು, ನಾಚಿಕೆಗೆ.

"ಮಾಫ್ ಮಾಡು ಇಬ್ರಾಹಿಂ. ನಾಳೆ ಮಾಯಿಲಪ್ಪನನ್ನು ಕರಿ. ಪುನಃ ಕಟ್ಟಿಸುವ. ಟೈಲ್ಸ್ ನನ್ನ ಅಂಗಡಿಯದ್ದು. ಸಾದಾ ಅಲ್ಲ, ಒಳ್ಳೆಯದು."

ಇಬ್ರಾಹಿಂ ಏನಾದರೂ ಹೇಳುವ ಮೊದಲೇ ಶುಕೂರಾಕರಿಗೆ ಫೋನು ಬಂತು.

"ಸರ್, ಬೆಳಿಗ್ಗೆ ಲೈನ್ ಕಟ್ ಆಯ್ತು. ದೊಡ್ಡ ಬಾಲ್ಕನಿ ಫೈನಲ್ ಮಾಡ್ಲಾ?"

"ಇಲ್ಲ" ಎಂದರು ಶುಕೂರಾಕರು. ಎರಡೂ ಅಕ್ಷರ ಸ್ಪಷ್ಟವಾಗಿ, ಆಸ್ಯಮ್ಮನ ಮನೆಯವರೆಗೆ ಕೇಳಿಸುವಷ್ಟು ಗಟ್ಟಿಯಾಗಿ.

ಇಬ್ರಾಹಿಂ ಅವರ ಮುಖವನ್ನೇ ನೋಡುತ್ತಿದ್ದ. ಆಮೇಲೆ ಬಗ್ಗಿ, ಕೆಳಗೆ ಶುಕೂರಾಕರ ಅಂಗಳವನ್ನೂ ಹಾಸಿಗೆಯ ಬಟ್ಟೆ ಹೊದ್ದುಕೊಂಡು ನಿಂತ ಸ್ಕೂಟರನ್ನೂ ನೋಡಿದ.

"ಕಟ್ಟುವುದಾದರೆ ಹೇಗೆ? ಗೋಡೆಯ ಒಳಗೆ ನಿಲ್ಲುವ ಹಾಗೆ ಚಿಕ್ಕದಾ? ಅಲ್ಲ ಮೊದಲಿನಷ್ಟೇ ದೊಡ್ಡದಾ?"

"ಹೂಂ" ಎಂದರು ಶುಕೂರಾಕರು.

"ಹೂಂ ಅಂದರೆ ಯಾವುದು? ಬಾಯಿಬಿಟ್ಟು ಹೇಳಿ ಮಾರಾಯ್ರೆ. ನಿಮ್ಮ ಒಂದು ಹೂಂಗೆ ನನ್ನ ಬಾಲ್ಕನಿ ಹೋಗಿದೆ."

ಶುಕೂರಾಕರು ಗಂಟಲು ಸರಿಮಾಡಿಕೊಂಡರು.

"ಮೊದಲಿನದ್ದಕ್ಕಿಂತ ದೊಡ್ಡದು. ಇಬ್ಬರೂ ಕೂತುಕೊಳ್ಳಬೇಕಲ್ಲ."